ನಮ್ಮೂರಿನ ಬೈಠಕ್ ನಿಲ್ಲಬಾರದು ಅಂದ್ರೆ ನಾವು ಏನೇನು ಮಾಡಬಹುದು

ಹುಬ್ಬಳ್ಳಿ-ಧಾರವಾಡದಲ್ಲಿ ಬೈಠಕ್‌ಗಳು, ಅಂದರೆ ಗಾಯಕರ ಎದುರೇ ಕೂತು ಕೇಳುವ ಸಣ್ಣ ಹಿಂದೂಸ್ತಾನಿ ಸಂಗೀತ ಕಛೇರಿಗಳು, ಯಾರದೋ ಮನೆಯ ಪಡಸಾಲೆಯಲ್ಲಿ, ಶಾಲೆಯ ಕೋಣೆಯಲ್ಲಿ, ಗುಡಿಯ ಹಾಲ್‌ನಲ್ಲಿ ನಡೆಯುತ್ತವೆ. 50 ಜನ ಹಿಡಿಸುವ ಜಾಗ, ಒಂದು ಜಮಖಾನೆ, ತಂಬೂರಿ, ತಬಲಾ, ಹಾರ್ಮೋನಿಯಂ, ಅಷ್ಟೇ. ದೊಡ್ಡ ಉತ್ಸವಕ್ಕೆ ಪ್ರಾಯೋಜಕರು ಸಿಗುತ್ತಾರೆ. ಇಂಥದ್ದಕ್ಕೆ ಕೇಳುಗರೇ ಆಧಾರ.

ಮೊದಲನೆಯದು, ಬರ್ತೀನಿ ಅಂದ ಮೇಲೆ ಬರಬೇಕು. ಒಮ್ಮೆ ಮಳೆಗಾಲದಲ್ಲಿ ಧಾರವಾಡದ ಒಂದು ಬೈಠಕ್‌ನಲ್ಲಿ ನಾವು ಇದ್ದದ್ದು 11 ಜನ. ಗಾಯಕರು ಬೇಸರ ಮಾಡಿಕೊಳ್ಳಲಿಲ್ಲ, ಎಲ್ಲರನ್ನೂ ಹತ್ತಿರ ಕರೆದು ಕೂಡಿಸಿಕೊಂಡು ಮಳೆಗಾಲದ ರಾಗ ಮಿಯಾಂ ಮಲ್ಹಾರ್ ಹಾಡಿದರು, ಅದರ ಎರಡೂ ನಿಷಾದಗಳನ್ನು (ಕೋಮಲ, ಶುದ್ಧ ಎರಡೂ ‘ನಿ’) ತೂಗಿ ತೂಗಿ ಹಚ್ಚುವಾಗ ಅವರು ಉಸಿರು ತಗೊಳ್ಳೋದೂ ಕೇಳಿಸುತ್ತಿತ್ತು. ನಾನು ಕೇಳಿದ ಒಳ್ಳೆಯ ಹಾಡಿಕೆಗಳಲ್ಲಿ ಅದೂ ಒಂದು. ಆದರೆ ಮುಗಿದ ಮೇಲೆ ಸಂಘಟಕರು 50 ಜನರಿಗೆ ಮಾಡಿಸಿದ್ದ ಚಹಾದ ಮುಂದೆ ಸುಮ್ಮನೆ ನಿಂತಿದ್ದರು. ಆಗದಿದ್ದರೆ ಹಿಂದಿನ ದಿನವೇ ಒಂದು ಮೆಸೇಜ್ ಹಾಕಿ.

ಬರುವಾಗ ಕಾಲು ಗಂಟೆ ಮೊದಲೇ ಬನ್ನಿ. ತಂಬೂರಿ ಶ್ರುತಿ ಮಾಡೋದನ್ನು ನೋಡಲೇಬೇಕು. ನಾಲ್ಕು ತಂತಿ: ಮೊದಲನೆಯದು ಪಂಚಮ (ಪ), ನಡುವಿನ ಎರಡು ಷಡ್ಜ (ಸ), ಕೊನೆಯದು ಖರ್ಜ, ಅಂದರೆ ಕೆಳಗಿನ ‘ಸ’. ಮಾಲಕಂಸ ರಾಗ ಹಾಡುವುದಿದ್ದರೆ ಅದರಲ್ಲಿ ಪಂಚಮ ಇಲ್ಲ, ಅದಕ್ಕೇ ಮೊದಲ ತಂತಿಯನ್ನು ಮಧ್ಯಮಕ್ಕೆ (ಮ) ಇಳಿಸುತ್ತಾರೆ. ತಂತಿಯ ಕೆಳಗಿನ ಸಣ್ಣ ನೂಲನ್ನು ಕೂದಲೆಳೆಯಷ್ಟು ಸರಿಸುತ್ತಲೇ ಅಲ್ಲಿಯವರೆಗೆ ಮಂಕಾಗಿದ್ದ ನಾದ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಮಕ್ಕಳನ್ನು ಕರಕೊಂಡು ಬರುವವರು ಈ ಹೊತ್ತಿಗೇ ಬನ್ನಿ, ಎರಡು ಗಂಟೆ ಕೂಡೋದು ಅವರಿಗೆ ಆಗದಿದ್ದರೂ ಇಷ್ಟು ನೆನಪಿರುತ್ತದೆ. ಶ್ರುತಿ ಮಾಡುವಾಗ ಮಾತು ಬೇಡ, ಫ್ಯಾನೂ ಬಂದ್ ಮಾಡಿ.

ಇನ್ನು ದುಡ್ಡಿನ ಮಾತು. ವರ್ಷಕ್ಕೊಮ್ಮೆ ಮನಸ್ಸು ಬಂದಾಗ 5,000 ಕೊಡುವುದಕ್ಕಿಂತ ತಿಂಗಳಿಗೆ 300 ತಪ್ಪದೆ ಕೊಡುವುದು ಜಾಸ್ತಿ ಉಪಯೋಗ. 20 ಮನೆಯವರು ಹೀಗೆ ಕೊಟ್ಟರೆ ತಿಂಗಳಿಗೆ 6,000 ಆಯಿತು, ಅಷ್ಟು ಖಾತ್ರಿ ಇದ್ದರೆ ಸಂಘಟಕರು ಮುಂದಿನ ಮೂರು ತಿಂಗಳ ಕಲಾವಿದರನ್ನು ಈಗಲೇ ಗೊತ್ತು ಮಾಡಬಹುದು. ಕೊಡುವಾಗ ಇದು ಸಾಥಿದಾರರಿಗೆ, ಅಂದರೆ ಗಾಯಕರ ಜೊತೆ ಬಾರಿಸುವವರಿಗೆ, ಅಂತ ಹೇಳಿಯೇ ಕೊಡಿ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳೋದು ತಬಲಾ, ಹಾರ್ಮೋನಿಯಂನವರ ಪಾಕೀಟಿಗೆ. ಇದು ನನಗೆ ಬಹಳ ನೋವಿನ ವಿಷಯ. ತೆರಿಗೆ ರಿಯಾಯಿತಿ ಬೇಕಿದ್ದವರು ಸಂಸ್ಥೆಗೆ ಅದಕ್ಕೆ ಬೇಕಾದ ನೋಂದಣಿ ಇದೆಯೇ ಅಂತ ಕೇಳಿಕೊಳ್ಳಿ. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ, ತೆರಿಗೆಯ ಹೊಸ ಪದ್ಧತಿಯಲ್ಲಿ ಇರುವವರಿಗೂ ಈ ರಿಯಾಯಿತಿ ಇಲ್ಲ.

ದುಡ್ಡು ಕೊಡಲು ಆಗದವರಿಗೂ ಕೆಲಸ ಬೇಕಾದಷ್ಟಿದೆ. ಸ್ಟೇಶನ್ನಿಂದ ಕಲಾವಿದರನ್ನು ಕರೆತನ್ನಿ. ನಿಮ್ಮ ಮನೆಯಲ್ಲಿ ಊಟಕ್ಕೆ ಹಾಕಿ, ಹಾಡುವ ಮೊದಲು ಏನು ತಿನ್ನುತ್ತಾರೆ, ಏನು ಬೇಡ ಅಂತ ಕೇಳಿಯೇ ಮಾಡಿ. ತಂಬೂರಿ ಸಾಗಿಸೋದಂತೂ ದೊಡ್ಡ ಜವಾಬ್ದಾರಿ. ಅದರ ಬುರುಡೆ ಒಣಗಿದ ಕುಂಬಳಕಾಯಿಯದು, ಆಟೋ ಗುಂಡಿಗೆ ಬಿದ್ದರೆ ಸೀಳು ಬಿಡುತ್ತದೆ, ಆಮೇಲೆ ರಿಪೇರಿಗೆ ತಂಬೂರಿ ಮಾಡುವವರ ಊರಾದ ಮಿರಜದ ದಾರಿ ಹಿಡಿಯಬೇಕು. ತೊಡೆಯ ಮೇಲೆ ಇಟ್ಟುಕೊಂಡು, ಬುರುಡೆಯ ಕೆಳಗೆ ದಪ್ಪ ಚಾದರ ಕೊಟ್ಟು ಹಿಡಿದು ಕೂಡುವವರು ಒಬ್ಬರು ಬೇಕೇ ಬೇಕು.

ಸಂಘಟಕರಿಗೆ ನೀವು ಹೇಳಬೇಕಾದ್ದೂ ಇದೆ. ಮೊದಲ ಅರ್ಧ ಗಂಟೆ ಒಬ್ಬ ವಿದ್ಯಾರ್ಥಿಗೆ ಕೊಡಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅವರ ಕಾಲ ಮೇಲೆ ನಿಲ್ಲಿಸಿದರು. ಅಂಥ ಕಡೆ ಕಲಿತವರು ಹಾಡೋದಕ್ಕೆ ಜಾಗ ಬೇಕಲ್ವಾ? ಬಸ್ ಚಾರ್ಜು, ಸಂಭಾವನೆ ಎರಡನ್ನೂ ಕೊಟ್ಟೇ ಕರೆಯಬೇಕು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಗಾಯಕ ಸವಾಯಿ ಗಂಧರ್ವರ ಹತ್ತಿರ ಕಲಿತರು. ಇವತ್ತು ಹಾಗೆ ಊರಿಂದ ಊರಿಗೆ ಓಡಾಡಿ ಕಲಿಯುವ ಹುಡುಗಿಗೆ ನಮ್ಮ ಅರ್ಧ ಗಂಟೆ ಬಹಳ ದೊಡ್ಡದು.

ರೆಕಾರ್ಡಿಂಗ್ ಮಾಡುವ ಮೊದಲು ಗಾಯಕರನ್ನೇ ಕೇಳಿ. ಎದ್ದು ಹೋಗಬೇಕಾದರೆ ಒಂದು ರಾಗ ಮುಗಿಯಲಿ.

ಕೊನೆಗೆ ನನ್ನದೊಂದು ಆಸೆ. ಬೈಠಕ್ ಎಲ್ಲಾ ಸಂಜೆಗೇ ಇಡುವುದರಿಂದ ನಮಗೆ ಯಮನ್, ಪೂರಿಯಾ, ಬಾಗೇಶ್ರೀಯಂಥ ಸಂಜೆ-ರಾತ್ರಿಯ ರಾಗಗಳು ಮಾತ್ರ ಸಿಗುತ್ತಿವೆ. ಬೆಳಗಿನ ರಾಗಗಳಾದ ತೋಡಿ, ಭೈರವ ಎದುರು ಕೂತು ಕೇಳಿ ಎಷ್ಟು ದಿನವಾಯಿತು? ನಿಮ್ಮ ಪಡಸಾಲೆಯಲ್ಲಿ 30 ಜನ ಕೂಡುವಂತಿದ್ದರೆ ಒಂದು ಭಾನುವಾರ ಬೆಳಿಗ್ಗೆ 7ಕ್ಕೆ ಬಿಟ್ಟುಕೊಡಿ. ಮೈಕ್ ಬೇಡ. ಚಪ್ಪಲಿಗೆ ಜಾಗ, ಕುಡಿಯಲು ನೀರು, ಹಿರಿಯರಿಗೆ ನಾಲ್ಕು ಕುರ್ಚಿ ಸಾಕು. ಅಕ್ಕಪಕ್ಕದವರನ್ನು ಎರಡು ದಿನ ಮೊದಲೇ ಹೋಗಿ ಕರೆಯಿರಿ, ಒಂಬತ್ತರವರೆಗೆ ಕುಕ್ಕರ್ ಇಡಬ್ಯಾಡ್ರಿ ಅಂತಲೂ ಕೇಳಿಕೊಳ್ಳಿ, ಕರೆದು ಹೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನೋದಿಲ್ಲ.