ದೊಡ್ಡ ನಾಯಿ ಇರುವ ತೋಟದ ಮನೆಗೆ ಮರಿ ತರುವಾಗ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟದ ಮನೆಗಳಲ್ಲಿ ಮರಿ ಬಂದ ದಿನ ಸಾಮಾನ್ಯವಾಗಿ ನಡೆಯುವುದು ಇಷ್ಟು: ದೊಡ್ಡ ನಾಯಿಯನ್ನು ಸರಪಳಿಗೆ ಕಟ್ಟುತ್ತಾರೆ, ಮರಿಯನ್ನು ಎತ್ತಿಕೊಂಡು ಹೋಗಿ ಅದರ ಮೂತಿಗೇ ಹಿಡಿಯುತ್ತಾರೆ. ಕಟ್ಟಿದ ನಾಯಿಗೆ ಹಿಂದೆ ಸರಿಯಲು ಜಾಗವಿಲ್ಲ, ಕೈಯಲ್ಲಿರುವ ಮರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೊದಲ ಕಚ್ಚಾಟ ಹುಟ್ಟುವುದು ಇಲ್ಲಿಯೇ. ದೊಡ್ಡದಕ್ಕೆ ಬೇಡವೆನಿಸಿದರೆ ಎದ್ದು ಹೋಗಲು ಆಗಬೇಕು, ಮರಿಗೆ ಹೆದರಿಕೆಯಾದರೆ ನುಸುಳಿಕೊಳ್ಳಲು ಸಂದಿ ಇರಬೇಕು. ಮುಂದೆ ಹೇಳುವ ಪ್ರತಿ ಹಂತದಲ್ಲೂ ಈ ಎರಡನ್ನು ಮೊದಲು ಖಾತ್ರಿ ಮಾಡಿಕೊಳ್ಳಿ.

ಮರಿಗೆ 8 ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ, ಯಾವಾಗ ಆಟ ನಿಲ್ಲಿಸಬೇಕು ಎಂಬುದನ್ನು ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ ಕಲಿಯುತ್ತದೆ. ಆ ಪಾಠ ತಪ್ಪಿದ ಮರಿ ದೊಡ್ಡ ನಾಯಿಯ ಕಿವಿ, ಬಾಲಕ್ಕೆ ಜೋತುಬಿದ್ದು ಪೆಟ್ಟು ತಿನ್ನುತ್ತದೆ. ಕಾಲವನ್ನು ಆರಿಸಿಕೊಳ್ಳಲು ಆಗುವುದಾದರೆ ಅಕ್ಟೋಬರ್, ಇಲ್ಲವೇ ಕಾಫಿ ಕೊಯ್ಲು ಮುಗಿದ ಮಾರ್ಚ್–ಏಪ್ರಿಲ್ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆಗೆ ಎರಡೂ ನಾಯಿಗಳು ದಿನವಿಡೀ ಒಂದೇ ಜಗಲಿಯಲ್ಲಿ ಬಿದ್ದುಕೊಂಡಿರಬೇಕಾಗುತ್ತದೆ. ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಮನೆಯವರಿಗೆ ಪುರುಸೊತ್ತಿರುವುದಿಲ್ಲ, ಗೇಟು ಸದಾ ತೆರೆದೇ ಇರುತ್ತದೆ.

ಲಸಿಕೆಯ ಲೆಕ್ಕ ಮೊದಲೇ ಆಗಿರಲಿ. ಮರಿಗೆ ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆಗಳ ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ 3–4 ವಾರಕ್ಕೊಮ್ಮೆ 16 ವಾರದವರೆಗೆ. ರೇಬಿಸ್ ಲಸಿಕೆ 12 ವಾರದ ನಂತರ. ದೊಡ್ಡ ನಾಯಿಯ ವಾರ್ಷಿಕ ಲಸಿಕೆ ಬಾಕಿಯಿದ್ದರೆ ಮರಿ ಬರುವ ಎರಡು ವಾರ ಮೊದಲೇ ಹಾಕಿಸಿ. ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಹರಡುವ ಲೆಪ್ಟೊ ನಮ್ಮ ಮಳೆನಾಡಿನಲ್ಲಿ ಕಡೆಗಣಿಸುವ ಕಾಯಿಲೆಯಲ್ಲ. ಅದರ ಲಸಿಕೆಯೂ ಸೇರಿದೆಯೇ ಎಂದು ಕೇಳಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಂಶಯ ಬಗೆಹರಿಯದಿದ್ದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಉಣುಗಿಗೆ ದೊಡ್ಡ ನಾಯಿಗೆ ತಂದ ಔಷಧವನ್ನು ಮರಿಗೆ ಹಚ್ಚಬೇಡಿ. ವಯಸ್ಸು, ತೂಕ ನೋಡಿ ವೈದ್ಯರು ಬೇರೆಯದೇ ಕೊಡುತ್ತಾರೆ.

ಮೊದಲ ಹತ್ತು ದಿನ ಎರಡೂ ಒಂದನ್ನೊಂದು ಮುಟ್ಟುವಂತಿಲ್ಲ. ಮರಿ ಯಾವುದಾದರೂ ಸೋಂಕು ಹೊತ್ತು ತಂದಿದ್ದರೆ ಅದು ಹಲವು ಸಲ ಈ ಅವಧಿಯಲ್ಲಿ ಹೊರಬೀಳುತ್ತದೆ. ದೊಡ್ಡ ನಾಯಿಗೂ ಹೊಸ ವಾಸನೆ ಒಗ್ಗಲು ಸಮಯ ಸಿಗುತ್ತದೆ. ಮರಿಯ ಕೋಣೆಯ ಬಾಗಿಲಿಗೆ ಅಡಕೆ ದಬ್ಬೆಯ ಒಂದು ಗೇಟು ಮಾಡಿಸಿ. ಎತ್ತರ ನಾಲ್ಕು ಅಡಿ, ದಬ್ಬೆಗಳ ನಡುವೆ ಒಂದೂವರೆ ಇಂಚಿಗಿಂತ ಹೆಚ್ಚು ಸಂದಿ ಬೇಡ, ಮರಿಯ ತಲೆ ಸಿಕ್ಕಿಕೊಳ್ಳುತ್ತದೆ. ದಬ್ಬೆಯ ಅಂಚಿನ ಸಿಬಿರನ್ನು ಉಜ್ಜಿ ತೆಗೆಸುವುದನ್ನು ಮರೆಯಬೇಡಿ. ಗೇಟಿಗೆ ಪೂರ್ತಿ ಗೋಣಿಚೀಲ ಇಳಿಬಿಡಿ. ಮರಿಯ ಬೆನ್ನಿಗೆ ಉಜ್ಜಿದ ಬಟ್ಟೆಯನ್ನು ದೊಡ್ಡ ನಾಯಿ ಊಟ ಮಾಡುವ ತಟ್ಟೆಯಿಂದ ನಾಲ್ಕಡಿ ದೂರದಲ್ಲಿ ಹಾಕಿ, ದಿನದಿನಕ್ಕೆ ಹತ್ತಿರ ತನ್ನಿ. ದೊಡ್ಡದರ ಬಟ್ಟೆ ಮರಿಯ ಹಾಸಿಗೆಗೆ. ಇದಕ್ಕೆ ದೊಡ್ಡ ನಾಯಿಯ ಲಸಿಕೆ ಸರಿಯಿರಬೇಕು. ಏಳನೇ ದಿನದ ಹೊತ್ತಿಗೆ ಗೋಣಿಯನ್ನು ಅರ್ಧ ಎತ್ತಿ, ದೊಡ್ಡ ನಾಯಿ ಗೇಟಿನಿಂದ ಐದಡಿ ಈಚೆ ನಿಂತು ನೋಡಲು ಬಿಡಿ. ನೋಡಿ ತಾನಾಗಿ ಮುಖ ತಿರುಗಿಸಿದ ಕ್ಷಣವೇ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ.

ಭೇಟಿ ನಿಮ್ಮ ಅಂಗಳದಲ್ಲಿ ಬೇಡ. ಅಂಗಳ, ಕಾಫಿ ಕಣ, ಕೊಟ್ಟಿಗೆಯ ದಾರಿ ಎಲ್ಲವೂ ದೊಡ್ಡ ನಾಯಿಯ ಕಾವಲಿನ ಜಾಗ. ಪಕ್ಕದ ತೋಟದ ಖಾಲಿ ಕಣ ಒಳ್ಳೆಯದು, ಆದರೆ ಅಲ್ಲಿಯ ನಾಯಿಗೂ ಲಸಿಕೆ ಆಗಿರಬೇಕು. ಬೀದಿನಾಯಿ ಓಡಾಡುವ ರಸ್ತೆಬದಿ, ಸಂತೆ ಮಾಳ ಖಂಡಿತ ಬೇಡ, ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಭೇಟಿಯ ಜಾಗದವರೆಗೆ ಮರಿಯನ್ನು ಎತ್ತಿಕೊಂಡೇ ಹೋಗಿ. ದೊಡ್ಡ ನಾಯಿಯನ್ನು ಅದಕ್ಕೆ ಮೊದಲು ಅರ್ಧ ಗಂಟೆ ಚೆನ್ನಾಗಿ ನಡೆಸಿರಿ.

ಇಬ್ಬರು ಬೇಕು, ಆರಡಿಯ ಎರಡು ಬೆಲ್ಟು ಬೇಕು. ಸರಪಳಿ ಬೇಡ. ಹದಿನೈದು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ, ಎದುರುಬದುರು ಮಾತ್ರ ಬರಬೇಡಿ. ದೊಡ್ಡ ನಾಯಿ ನೆಲ ಮೂಸತೊಡಗಿ ಬಾಲ ಸಡಿಲವಾದ ಮೇಲೆ ಅಂತರ ಕಡಿಮೆ ಮಾಡಿ. ಮೊದಲು ಅದು ಮರಿಯ ಹಿಂಭಾಗವನ್ನು ಮೂಸಲಿ, ಮೂರು ಎಣಿಸುವಷ್ಟು ಹೊತ್ತು ಸಾಕು. ಕೂಡಲೇ ಹೆಸರು ಕರೆದು ಈಚೆ ಕರೆದುಕೊಂಡು ತಿಂಡಿ ಕೊಡಿ. ಹೀಗೆ ಮೂರ್ನಾಲ್ಕು ಸಲ, ಒಟ್ಟು ಹತ್ತು ನಿಮಿಷ, ಆಮೇಲೆ ಮನೆಗೆ. ಬೆಲ್ಟನ್ನು ಬಿಗಿಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಕುತ್ತಿಗೆಗೆ ಬಿದ್ದ ಎಳೆತವನ್ನು ನಾಯಿ ಎದುರಿಗಿರುವ ಮರಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಬಾಲ ಆಡಿಸಿದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಬಾಲ ಎತ್ತರಕ್ಕೆ ಸೆಟೆದು ಸಣ್ಣಗೆ ನಡುಗುತ್ತಿದೆ, ಬಾಯಿ ಮುಚ್ಚಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ಮೈ ಕಲ್ಲಿನಂತೆ ನಿಂತಿದೆ ಎಂದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ಮುಂಗಾಲು ಚಾಚಿ ಎದೆ ತಗ್ಗಿಸಿ ಹಿಂಭಾಗ ಮೇಲೆತ್ತಿದರೆ ಅದು ಆಟಕ್ಕೆ ಕರೆಯುವ ಭಂಗಿ. ಗುರ್ ಎಂದಿದ್ದಕ್ಕೆ ಯಾವತ್ತೂ ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ, ಅದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಸದ್ದಿಲ್ಲದೆ ನೇರವಾಗಿ ಕಚ್ಚುತ್ತದೆ. ತುಟಿ ಎತ್ತಿ ತೋರಿಸುವುದು, ಗಾಳಿಗೆ ಬಾಯಿ ಹಾಕುವುದು, ಮರಿ ಹಿಂದೆ ಸರಿದ ಕೂಡಲೇ ಸುಮ್ಮನಾಗುವುದು ಹಿರಿಯ ನಾಯಿ ಹೇಳಿಕೊಡುವ ನ್ಯಾಯವಾದ ಪಾಠ. ಮರಿ ಸೋತು ಮಲಗಿದ ಮೇಲೂ ಅದುಮಿ ಹಿಡಿಯುವುದು, ಅಡಗಿದ ಕಡೆಗೇ ಹುಡುಕಿಕೊಂಡು ಹೋಗುವುದು ಪಾಠವಲ್ಲ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ಸೊಂಟ, ಕೀಲಿನ ನೋವಿದೆಯೇ ಎಂದು ತೋರಿಸಿ.

ಮುಧೋಳ ನಾಯಿ ಇರುವವರು ಇನ್ನಷ್ಟು ಹುಷಾರಾಗಿರಬೇಕು. ಓಡುವ ಮೊಲವನ್ನು ಕಣ್ಣಿಂದ ಕಂಡು ಅಟ್ಟಿ ಹಿಡಿಯುವುದು ಆ ತಳಿಯ ರಕ್ತದಲ್ಲಿದೆ. ಮರಿ ಕುಂಯ್‌ಗುಟ್ಟುತ್ತಾ ಓಡಿದರೆ ಆಟವಾಡುತ್ತಿದ್ದ ನಾಯಿಯೇ ಬೇಟೆಗೆ ತಿರುಗಬಹುದು, ಅದರಲ್ಲಿ ಸಿಟ್ಟೇನೂ ಇರುವುದಿಲ್ಲ. ಮೊದಲ ತಿಂಗಳು ಬಯಲಲ್ಲಿ ಎರಡನ್ನೂ ಒಟ್ಟಿಗೆ ಬಿಚ್ಚಿಬಿಡಬೇಡಿ.

ಮನೆಯೊಳಗೆ ಬಿಡುವ ಮೊದಲು ಮೂಳೆ, ಚೆಂಡು, ದೊಡ್ಡ ನಾಯಿಯ ಗೋಣಿ ಹಾಸಿಗೆ ಎಲ್ಲ ಎತ್ತಿಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷದಿಂದ ಶುರುಮಾಡಿ. ಮಂಚದ ಕೆಳಗೆ ಮರಿ ಮಾತ್ರ ನುಗ್ಗುವಷ್ಟು ಜಾಗ ಬಿಟ್ಟು ಉಳಿದದ್ದನ್ನು ಹಲಗೆಯಿಂದ ಮುಚ್ಚಿ. 30 ಕಿಲೋ ತೂಗುವ ಲ್ಯಾಬ್ರಡಾರ್ ಪ್ರೀತಿಯಿಂದಲೇ ಕಾಲಿಟ್ಟರೂ 3 ಕಿಲೋ ಮರಿಯ ಎಲುಬು ಮುರಿಯಬಹುದು. ಆದ್ದರಿಂದ ಮರಿಗೆ ಆರು ತಿಂಗಳಾಗುವವರೆಗೆ ಎರಡನ್ನೇ ಬಿಟ್ಟು ಹೋಗಬೇಡಿ. ಊಟ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ: ಮರಿಗೆ ದಿನಕ್ಕೆ ನಾಲ್ಕು ಸಲ, ದೊಡ್ಡದಕ್ಕೆ ಎರಡು. ಹದಿನೈದು ನಿಮಿಷದ ನಂತರ ತಟ್ಟೆಗಳನ್ನು ತೊಳೆದೇ ಗೇಟು ತೆಗೆಯಿರಿ. ರಾತ್ರಿ ದೊಡ್ಡ ನಾಯಿ ಜಗಲಿ ಕಾಯುತ್ತಿದ್ದರೂ ಮರಿ ಒಳಗೇ ಇರಲಿ. ನಮ್ಮ ಕಡೆ ಚಿರತೆ ನಾಯಿಯನ್ನು ಹುಡುಕಿಕೊಂಡೇ ಬರುತ್ತದೆ.

ಕಚ್ಚಾಟ ಬಿದ್ದರೆ ನಡುವೆ ಕೈ ಹಾಕಬೇಡಿ. ಹಲಗೆ ತೂರಿಸಿ, ಬಕೆಟ್ ನೀರು ಎರಚಿ, ದೊಡ್ಡದರ ತಲೆಗೆ ಕಂಬಳಿ ಹಾಕಿ. ಬಾಯಲ್ಲಿ ಸಿಕ್ಕ ಮರಿಯನ್ನು ಎಳೆದರೆ ಚರ್ಮ, ಮಾಂಸ ಹರಿಯುತ್ತದೆ. ಹೊರಗೆ ಸಣ್ಣ ತೂತು ಕಂಡರೂ ಒಳಗೆ ಪೆಟ್ಟು ಆಳವಾಗಿರುತ್ತದೆ, ಅದೇ ದಿನ ವೈದ್ಯರಿಗೆ ತೋರಿಸಿ. ನಿಮಗೆ ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಎಲ್ಲ ಹೊಂದಿಕೊಂಡಿತು ಎನ್ನುವಾಗ, ಆರರಿಂದ ಹನ್ನೆರಡು ತಿಂಗಳ ನಡುವೆ ಮರಿ ಪ್ರಾಯಕ್ಕೆ ಬರುತ್ತದೆ. ಎರಡೂ ಗಂಡು ಅಥವಾ ಎರಡೂ ಹೆಣ್ಣಾಗಿದ್ದರೆ ಜಗಳ ಹೊಸದಾಗಿ ಶುರುವಾಗಬಹುದು. ಆಗ ಕೆಲವು ವಾರ ಗೇಟನ್ನು ಮತ್ತೆ ಹಾಕಿ, ಜೊತೆಗೆ ನಡೆಸುವುದನ್ನು ಮೊದಲಿನಿಂದ ಶುರುಮಾಡಿ, ಸಂತಾನಹರಣ ಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ.