ಚಳಿಗಾಲದ ಬೇಟೆ: ಕಾಲಿಗೆ ಯಾವ ಉಡುಪು, ಎಷ್ಟು ಪದರ?

ಮೈಗೆ ಮೂರು ನಾಲ್ಕು ಪದರ ತೊಡುವ ಬೇಟೆಗಾರರು ಕಾಲಿನ ವಿಷಯಕ್ಕೆ ಬಂದರೆ ಒಂದು ದಪ್ಪ ಪ್ಯಾಂಟಿನಲ್ಲಿ ಕೆಲಸ ಮುಗಿಸಿಬಿಡುತ್ತಾರೆ. ಪಾದ ಮರಗಟ್ಟತೊಡಗಿದಾಗ ಬೂಟನ್ನು ಬೈಯುತ್ತಾರೆ, ಇಲ್ಲವೇ ಅದರೊಳಗೆ ಇನ್ನೊಂದು ಜೊತೆ ಕಾಲುಚೀಲ ತುರುಕುತ್ತಾರೆ. ಪಾದಕ್ಕೆ ಬಿಸಿ ಒಯ್ಯುವುದು ರಕ್ತ. ಅದು ತೊಡೆ, ಮೊಣಕಾಲು, ಮೀನಖಂಡಗಳನ್ನು ದಾಟಿಕೊಂಡೇ ಕೆಳಗಿಳಿಯಬೇಕು. ದಾರಿಯಲ್ಲೇ ತಣ್ಣಗಾದ ರಕ್ತದಿಂದ ಬೆರಳುಗಳಿಗೆ ಎಷ್ಟು ಬಿಸಿ ತಲುಪೀತು? ಹಾಗಾಗಿ ಹೊಸ ಬೂಟಿಗೆ ದುಡ್ಡು ಹಾಕುವ ಮುನ್ನ ಕಾಲಿನ ಉಡುಪನ್ನು ಸರಿಪಡಿಸಿಕೊಳ್ಳುವುದು ಲೇಸು.

ಮೊದಲು ಕೂರುವ ಹೊತ್ತನ್ನು ಲೆಕ್ಕ ಹಾಕಿ

ಹವಾಮಾನ ವರದಿ ನೋಡಿ ಬಟ್ಟೆ ಆರಿಸುವುದು ಅರ್ಧ ಲೆಕ್ಕ ಮಾತ್ರ. ಗುಡ್ಡ ಹತ್ತುವಾಗ ದೇಹ ಹುಟ್ಟಿಸುವ ಶಾಖ, ಸುಮ್ಮನೆ ಕುಳಿತಾಗ ಹುಟ್ಟುವುದಕ್ಕಿಂತ ಹಲವು ಪಟ್ಟು ಹೆಚ್ಚು. ಜಾಡು ಹಿಡಿದು ನಡೆಯುವವನಿಗೆ ಸೊನ್ನೆ ಡಿಗ್ರಿಯಲ್ಲಿ ತೆಳುವಾದ ಒಳಪದರ ಮತ್ತು ಗಾಳಿ ತಡೆಯುವ ಪ್ಯಾಂಟು ಧಾರಾಳವಾಯಿತು. ಅದೇ ಸೊನ್ನೆ ಡಿಗ್ರಿಯಲ್ಲಿ ಅಟ್ಟಣೆಯ ಮೇಲೆ ನಾಲ್ಕು ಗಂಟೆ ಹೊಂಚು ಹಾಕಿ ಕೂರುವವನಿಗೆ ಮೂರು ಪದರ ತೊಟ್ಟರೂ ಸಾಲದೆನ್ನಿಸಬಹುದು. ಹೆಚ್ಚಿನವರು ಎರಡನ್ನೂ ಮಾಡುತ್ತಾರೆ: ಒಂದು ಗಂಟೆ ನಡಿಗೆ, ಆಮೇಲೆ ಕಲ್ಲಿನಂತೆ ಕೂರುವುದು. ತೊಂದರೆ ಇರುವುದು ಅಲ್ಲಿಯೇ.

ನಡೆಯುವಾಗ ಬೆವರಿದರೆ ಕೂತಾಗ ಆ ಬೆವರು ಶಾಖವನ್ನು ಕದಿಯುತ್ತದೆ. ನಿಶ್ಚಲ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ದಪ್ಪ ಪದರವನ್ನು ಚೀಲದಲ್ಲಿಟ್ಟುಕೊಂಡು, ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆಯಲ್ಲಿ ಹೊರಡಿ. ತಲುಪಿದ ಮೇಲೆ ಮೈಬಿಸಿ ಇಳಿಯಲು ಕೆಲವು ನಿಮಿಷ ಬಿಡಿ, ನಡುಕ ಹುಟ್ಟುವವರೆಗೆ ಕಾಯಬೇಡಿ.

ಚರ್ಮಕ್ಕೆ ತಾಗುವ ಪದರ

ಇಲ್ಲಿ ಹತ್ತಿ ಬೇಡವೇ ಬೇಡ. ಹತ್ತಿ ಬೆವರನ್ನು ಕುಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಜೀನ್ಸ್ ಕೂಡ ಹತ್ತಿಯೇ ಎನ್ನುವುದನ್ನು ಮರೆಯುವವರು ಬಹಳ.

ಉಳಿದ ಆಯ್ಕೆಗಳು ಎರಡು. ಮೆರಿನೋ ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಒದ್ದೆಯೆನಿಸುವುದಿಲ್ಲ, ವಾಸನೆಯನ್ನೂ ಅಷ್ಟಾಗಿ ಹಿಡಿದಿಡುವುದಿಲ್ಲ. ಪ್ರಾಣಿಗಳ ಮೂಗಿಗೆ ಸಿಗದಂತೆ ಕೂರಬೇಕಾದವರಿಗೆ ಇದು ಸಣ್ಣ ಗುಣವಲ್ಲ. ಪಾಲಿಯೆಸ್ಟರ್ ಥರ್ಮಲ್ (ಮೈಬಿಸಿ ಕಾಯುವ ಒಳಉಡುಪು) ಹೀರುವ ತೇವ ಶೇ 1ಕ್ಕಿಂತ ಕಡಿಮೆ. ಹಾಗಾಗಿ ಬೇಗ ಒಣಗುತ್ತದೆ, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಎರಡನೆಯ ದಿನಕ್ಕೇ ನಾರತೊಡಗುತ್ತದೆ. ಬೆವರುವ ಪ್ರಕೃತಿಯವರು ನಡಿಗೆಯ ಬೇಟೆಗೆ ಪಾಲಿಯೆಸ್ಟರ್ ಕೊಳ್ಳಲಿ. ಕೂರುವವರಿಗೆ ನನ್ನ ಮತ ಉಣ್ಣೆಗೆ.

ದಪ್ಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಸುಮಾರು 150 ಗ್ರಾಂ ತೆಳು, 200ರಿಂದ 250 ಮಧ್ಯಮ, ಅದಕ್ಕೂ ಮೇಲಿನದು ದಪ್ಪ. ಒಂದೇ ಕೊಳ್ಳುವುದಾದರೆ ಮಧ್ಯಮದ್ದು ಇರಲಿ. ಈ ಪದರ ಚರ್ಮಕ್ಕೆ ಅಂಟಿರಬೇಕು, ಆದರೆ ಎಲಾಸ್ಟಿಕ್ ಗುರುತು ಮೂಡುವಷ್ಟು ಬಿಗಿಯಾಗಬಾರದು. ಮೀನಖಂಡದ ಸುತ್ತ ಥರ್ಮಲ್ಲಿನ ಅಂಚು, ಎರಡು ಕಾಲುಚೀಲಗಳ ಅಂಚು ಎಲ್ಲ ಒಂದೇ ಕಡೆ ಸೇರಿದರೆ ರಕ್ತದ ಓಡಾಟಕ್ಕೇ ಅಡ್ಡಿ. ಬೂಟಿನ ಮೇಲಂಚಿಗೆ ಮುಂಚೆಯೇ ನಿಲ್ಲುವ ಮುಕ್ಕಾಲು ಉದ್ದದ ಥರ್ಮಲ್ ಸಿಗುತ್ತದೆ. ಉದ್ದನೆಯ ಕಾಲುಚೀಲ ತೊಡುವವರಿಗೆ ಅದೇ ಅನುಕೂಲ.

ನಡುವಿನ ಪದರ, ಹೊರಗಿನ ಪದರ

ನಡುಪದರದ ಕೆಲಸ ಗಾಳಿಯನ್ನು ಹಿಡಿದಿಡುವುದು. ಫ್ಲೀಸ್ (ಉಣ್ಣೆಯಂತೆ ಮೃದುವಾದ ಸಿಂಥೆಟಿಕ್ ಬಟ್ಟೆ) ಪ್ಯಾಂಟು ಸಾಕು, ಸದ್ದೂ ಮಾಡುವುದಿಲ್ಲ. ಹಕ್ಕಿಯ ಪುಕ್ಕ ತುಂಬಿದ ಪ್ಯಾಂಟು ಹಗುರ, ಬಲು ಬೆಚ್ಚಗೆ. ಆದರೆ ಕಾಲಿಗೆ ನಾನು ಅದನ್ನು ಹೇಳುವುದಿಲ್ಲ. ಪುಕ್ಕ ಉಬ್ಬಿದ್ದರೆ ಮಾತ್ರ ಬಿಸಿ. ಕುಳಿತೊಡನೆ ಕುಂಡಿ, ತೊಡೆಗಳ ಕೆಳಗೆ ಅದು ಚಪ್ಪಟೆಯಾಗುತ್ತದೆ, ಒದ್ದೆಯಾದರೆ ಮುದ್ದೆಯಾಗುತ್ತದೆ. ಸಿಂಥೆಟಿಕ್ ತುಂಬಿದ್ದು ಒದ್ದೆಯಾದರೂ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ. ಯಾವುದನ್ನೇ ತೊಟ್ಟರೂ ಅಡಿಯಲ್ಲಿ ಒಂದು ಫೋಮ್ ಹಾಸು ಇರಲೇಬೇಕು. ಹಿಮದ ಮೇಲೋ ಕಬ್ಬಿಣದ ಪೀಠದ ಮೇಲೋ ಕೂರುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ವಸ್ತು ಇನ್ನೊಂದಿಲ್ಲ.

ಹೊರಪದರದಲ್ಲಿ ಗಾಳಿ ತಡೆ ಮುಖ್ಯ, ಸದ್ದು ಅದಕ್ಕಿಂತ ಮುಖ್ಯ. ಗಟ್ಟಿಯಾದ ಮಳೆಪ್ಯಾಂಟು ನೀರನ್ನು ಚೆನ್ನಾಗಿ ತಡೆದರೂ ಪ್ರತಿ ಹೆಜ್ಜೆಗೂ ಸರಬರ ಎನ್ನುತ್ತದೆ. ಅಂಗಡಿಯಲ್ಲಿ ಎರಡು ತೊಡೆಗಳನ್ನು ಒಂದಕ್ಕೊಂದು ಉಜ್ಜಿ, ಉಗುರಿನಿಂದ ಬಟ್ಟೆಯನ್ನು ಗೀರಿ ಕೇಳಿಸಿಕೊಳ್ಳಿ. ನೋಡುವವರು ನಕ್ಕರೆ ನಗಲಿ. ಹೊರಮೈಯಲ್ಲಿ ನಯವಾದ ನೂಲಿನ ಅಥವಾ ಉಣ್ಣೆಯ ನೇಯ್ಗೆ, ಒಳಗೆ ಗಾಳಿ ತಡೆಯುವ ಪೊರೆ ಇರುವ ಪ್ಯಾಂಟು ಒಣಚಳಿಗೆ ಸೂಕ್ತ. ಹಿಮ ಕರಗಿ ಹುಲ್ಲೆಲ್ಲ ತೊಪ್ಪೆಯಾಗಿರುವ ಕಡೆ ಬೂಟಿನ ಮೇಲಿಂದ ಮೊಣಕಾಲಿನವರೆಗೆ ಗೇಟರ್ ಎಂಬ ಕಾಲುಹೊದಿಕೆ ಕಟ್ಟಿಕೊಂಡರೆ ಒದ್ದೆಯಾಗುವ ಭಾಗ ಅರ್ಧಕ್ಕರ್ಧ ಕಡಿಮೆ.

ಪಕ್ಕದಲ್ಲಿ ಸೊಂಟದಿಂದ ಪಾದದವರೆಗೂ ಜಿಪ್ ಇದ್ದರೆ ಬೂಟು ಕಳಚದೆ ಪದರ ತೊಡಬಹುದು. ಇಲ್ಲವಾದರೆ ಹಿಮದಲ್ಲಿ ಒಂಟಿಕಾಲಲ್ಲಿ ಕುಣಿಯಬೇಕು. ಎದೆಯವರೆಗೆ ಬರುವ ಬಿಬ್ ಮಾದರಿ ಬೆನ್ನಿನ ಕೆಳಭಾಗವನ್ನು ಮುಚ್ಚುತ್ತದೆ, ಸೊಂಟದಲ್ಲಿ ಬೆಲ್ಟು ಒತ್ತುವುದೂ ಇಲ್ಲ. ಶೌಚಕ್ಕೆ ಮಾತ್ರ ಕಷ್ಟ; ಎರಡೂ ಕಡೆಯಿಂದ ತೆರೆಯುವ ಜಿಪ್ ಇದೆಯೇ ನೋಡಿಕೊಳ್ಳಿ.

ಮನೆಯಲ್ಲೇ ಎಲ್ಲ ತೊಟ್ಟು ನೋಡಿ

ಎಲ್ಲ ಪದರಗಳನ್ನೂ, ಬೂಟನ್ನೂ ತೊಟ್ಟು ಕುಕ್ಕರಗಾಲಲ್ಲಿ ಕೂತು ಏಳಿ. ಮಂಡಿಯ ಮೇಲೆ ಬಟ್ಟೆ ಬಿಗಿದುಕೊಂಡರೆ ಅಲ್ಲಿ ನಿಲ್ಲಬೇಕಾದ ಗಾಳಿ ಹೊರಹೋಗಿ ಮಂಡಿಯೇ ಮೊದಲು ತಣ್ಣಗಾಗುತ್ತದೆ. ಹೊರಪದರವನ್ನು ಒಂದು ಅಳತೆ ದೊಡ್ಡದು ಕೊಳ್ಳಬೇಕಾದೀತು. ಬಾಗಿದಾಗ ಬೆನ್ನು ಬಯಲಾಗುತ್ತಿದೆಯೇ ಎಂದೂ ನೋಡಿ.

ಅಟ್ಟಣೆ ಏರುವವರು ಇನ್ನೊಂದು ಕೆಲಸ ಮಾಡಲೇಬೇಕು. ಸುರಕ್ಷತಾ ಪಟ್ಟಿಯ ತೊಡೆಕುಣಿಕೆಗಳನ್ನು ಅತಿ ದಪ್ಪ ಉಡುಪಿನ ಮೇಲೆಯೇ ಕಟ್ಟಿ ಅಳತೆ ಹೊಂದಿಸಿಕೊಳ್ಳಿ. ತೆಳು ಪ್ಯಾಂಟಿನ ಮೇಲೆ ಹೊಂದಿಸಿದ ಪಟ್ಟಿ ಚಳಿಗಾಲದಲ್ಲಿ ತೊಡೆ ಏರುವುದಿಲ್ಲ. ಆಗ ಅದನ್ನು ಬಿಟ್ಟು ಮೇಲೇರುವ ದುರ್ಬುದ್ಧಿ ಹುಟ್ಟುತ್ತದೆ. ಬಿಸಿ ಪೊಟ್ಟಣಗಳನ್ನು ಬಳಸುವುದಾದರೆ ನೇರವಾಗಿ ಚರ್ಮಕ್ಕೆ ತಾಗಿಸದೆ ಒಳಪದರದ ಮೇಲಿಡಿ. ಚಳಿಗೆ ಜೋಮು ಹಿಡಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ.

ಒಗೆಯುವಾಗ ಬಟ್ಟೆ ಮೃದುಗೊಳಿಸುವ ದ್ರವ ಹಾಕಬೇಡಿ. ಅದು ಎಳೆಗಳ ಮೇಲೆ ಪೊರೆ ಕಟ್ಟಿ ಬೆವರು ಹೊರಹೋಗದಂತೆ ಮಾಡುತ್ತದೆ. ಸುಗಂಧವಿಲ್ಲದ ಸೋಪು ಸಾಕು. ಮೆರಿನೋವನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೇತುಹಾಕದೆ ಹರಡಿ ಒಣಗಿಸಿ.