ಕಕ್ಕಡದ ಮಳೆ ತಡೆಯುವಂತೆ ಕಾಡಿನ ಫೋಟೊಗೆ ಕಟ್ಟು ಹಾಕುವುದು

ನಾಗರಹೊಳೆಯ ಆನೆಯೋ ಕಾಟಿಯೋ (ಕಾಡುಕೋಣ), ಹೋಮ್‌ಸ್ಟೇ ಗೋಡೆಗೆಂದು ಮಾರಿದ ಚಿತ್ರ ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಕಕ್ಕಡ (ಕೊಡಗಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳು) ಕಳೆಯುವಷ್ಟರಲ್ಲಿ ಕಾಗದ ಉಬ್ಬಿ, ಅಂಚಿಗೆ ಬೂಸ್ಟು ಹಿಡಿದು ವಾಪಸ್ ಬರುತ್ತದೆ. ಆದ್ದರಿಂದ ಮೊದಲು ಗೋಡೆ ನೋಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ಎರಚಲು ಬಡಿಯುವುದು ಪಡುವಣ ಗೋಡೆಗೆ. ಅದನ್ನು ಬಿಟ್ಟು ಮನೆಯೊಳಗಿನ ಅಡ್ಡಗೋಡೆ ಕೇಳಿ.

24 ಮೆಗಾಪಿಕ್ಸೆಲ್ ಫೈಲಿನಲ್ಲಿ 6000×4000 ಪಿಕ್ಸೆಲ್ ಇರುತ್ತದೆ. 30×20 ಇಂಚಿಗೆ ಪ್ರಿಂಟ್ ಹಾಕಿದರೆ ಇಂಚಿಗೆ 200 ಪಿಕ್ಸೆಲ್. ಐದಾರು ಅಡಿ ದೂರದಿಂದ ನೋಡಲು ಸಾಕು. ಕ್ರಾಪ್ ಮಾಡಿ 3000×2000ಕ್ಕೆ ಇಳಿದಿದ್ದರೆ 15×10ಕ್ಕೆ ನಿಲ್ಲಿಸಿ.

ಕಾಟಿಯ ಕಪ್ಪು ಮೈ ದೊಡ್ಡ ತಲೆನೋವು. ಮಾನಿಟರಿನ ಬೆಳಕು ಜಾಸ್ತಿ ಇದ್ದರೆ ಪರದೆಯ ಮೇಲೆ ಕಾಣುವ ಸ್ನಾಯುಗಳು ಪ್ರಿಂಟಿನಲ್ಲಿ ಮಸಿಯಾಗುತ್ತವೆ. ಮ್ಯಾಟ್ ಕಾಗದದಲ್ಲಂತೂ ಇನ್ನೂ ಹೆಚ್ಚು. ಮಾನಿಟರಿನ ಬೆಳಕನ್ನು ಚದರ ಮೀಟರಿಗೆ 100 ಕ್ಯಾಂಡೆಲಾದ (ಬೆಳಕಿನ ಅಳತೆ) ಆಸುಪಾಸಿಗೆ ಇಳಿಸಿ, ನೆರಳಿನ ಭಾಗವನ್ನಷ್ಟೇ ಸ್ವಲ್ಪ ಎತ್ತಿ, ಭುಜದ ಭಾಗದ ಒಂದು ಪಟ್ಟಿಯನ್ನು ಪ್ರಿಂಟ್ ತೆಗೆಸಿ. ಅದನ್ನು ಆ ಮನೆಯ ಗೋಡೆಗೇ ಹಿಡಿದು ನೋಡಬೇಕು. ತೋಟದ ಮರಗಳ ನಡುವಿನ ಮನೆಯಲ್ಲಿ ಹಗಲಲ್ಲೂ ಮಬ್ಬು.

ಪ್ರಿಂಟಿಗೆ ಪಿಗ್ಮೆಂಟ್ ಶಾಯಿಯನ್ನೇ (ಬಣ್ಣದ ನುಣ್ಣನೆ ಕಣಗಳಿರುವುದು) ಕೇಳಿ. ಬಣ್ಣ ಪೂರ್ತಿ ಕರಗಿರುವ ಡೈ ಶಾಯಿಗಿಂತ ಬಣ್ಣ ಹೆಚ್ಚು ಕಾಲ ಉಳಿಯುತ್ತದೆ.

ಇನ್ನು ಕಟ್ಟು. ಪ್ರಿಂಟನ್ನು ಕನಿಷ್ಠ ಒಂದು ದಿನ, ಮಳೆಗಾಲದಲ್ಲಾದರೆ ಎರಡು ಮೂರು ದಿನ ಬಿಡಿಸಿಟ್ಟು ಒಣಗಿಸಿ. ಅವಸರಪಟ್ಟರೆ ಶಾಯಿಯ ಆವಿ ಗಾಜಿನ ಒಳಬದಿಗೆ ಮಂಜಿನಂತೆ ಕೂರುತ್ತದೆ. ಆಮ್ಲರಹಿತ ಮೌಂಟ್ ಬೋರ್ಡಿಗೆ (ಪ್ರಿಂಟಿನ ಹಿಂದಿನ ದಪ್ಪ ರಟ್ಟು) ಪ್ರಿಂಟಿನ ಮೇಲಂಚನ್ನು ಮಾತ್ರ, ಎರಡು ಕಡೆ, ಆಮ್ಲರಹಿತ ಕಾಗದದ ಟೇಪಿನಿಂದ ಹಿಡಿಸಿ. ನಾಲ್ಕೂ ಅಂಚು ಅಂಟಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು: ಥಂಡಿಗೆ ಕಾಗದ ಹಿಗ್ಗುತ್ತದೆ, ಹೋಗಲು ಜಾಗವಿಲ್ಲದೆ ನಡುವೆ ಏಳುತ್ತದೆ. ಗಾಜಿಗೂ ಪ್ರಿಂಟಿಗೂ ನಡುವೆ 3 ಮಿ.ಮೀ. ಅಂತರವಿರಲಿ, ತಾಗಿದ್ದು ಅಂಟಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಹಿಂಬದಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನೀರು ಕುಡಿದು ಊದುತ್ತದೆ. 3 ಮಿ.ಮೀ. ಎಸಿಪಿ ಹಾಳೆ (ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವುದು) ಹಾಕಿ, ಕಟ್ಟಿನ ಜೊತೆಗಿನ ಸಂದನ್ನು ಟೇಪಿನಿಂದ ಮುಚ್ಚಿ. ಈ ಕೆಲಸಕ್ಕೆ ಬಿಸಿಲಿನ ದಿನವೇ ಆಗಬೇಕು, ಇಲ್ಲದಿದ್ದರೆ ತೇವವನ್ನೇ ಒಳಗಿಟ್ಟು ಬೀಗ ಹಾಕಿದಂತೆ.

ಜಗಲಿಗೆ ಬೇಕೆಂದರೆ ಗಾಜಿನ ಕಟ್ಟು ಕೊಡಲೇಬೇಡಿ. ಲ್ಯಾಮಿನೇಟ್ ಮಾಡಿದ ಪ್ರಿಂಟನ್ನು ನೇರ ಎಸಿಪಿಗೆ ಅಂಟಿಸಿದ್ದು ಸಾಕು.

ತೂಗುಹಾಕುವ ಮುಂಚೆ ಕೆಳಗಿನ ಎರಡು ಮೂಲೆಗೆ ಒಂದು ಸೆಂ.ಮೀ. ದಪ್ಪದ ರಬ್ಬರ್ ಗುಂಡಿ ಅಂಟಿಸಿ, ಹಿಂದೆ ಗಾಳಿಯಾಡಲಿ. ಒರೆಸುವವರಿಗೂ ಹೇಳಿಬನ್ನಿ: ನೀರನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಗಾಜಿನ ಮೇಲೆ ಇಳಿದ ನೀರು ಕೆಳಗಿನ ಸಂದಿನಲ್ಲಿ ನಿಂತು, ಬೂಸ್ಟು ಅಲ್ಲಿಂದಲೇ ಮೇಲೇರುತ್ತದೆ.